ಲಿವರ್ ಒಳಗೆ ಬರ, ಹೊರಗೆ ನೆರೆ: ಸಿರೋಸಿಸ್‌ನಲ್ಲಿ ನೈಟ್ರಿಕ್ ಆಕ್ಸೈಡ್

ಲಿವರ್ ಗಟ್ಟಿಯಾಗುವ ಸಿರೋಸಿಸ್ ರೋಗ ಅಂತ ಗೊತ್ತಾಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಔಷಧಿ ಚೀಟಿಯಲ್ಲಿ ಎಷ್ಟೋ ಸಲ ಒಂದು ಮಾತ್ರೆ ಇರುತ್ತದೆ. ಪ್ರೊಪ್ರನಲಾಲ್, ಇಲ್ಲವೇ ಕಾರ್ವೆಡಿಲಾಲ್. ಮನೆಯಲ್ಲಿ ಯಾರೋ ಆ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ‘ಅಯ್ಯೋ, ಇದು ಬಿಪಿ ಮಾತ್ರೆ!’ ಗಾಬರಿ ಶುರು. ಯಾಕೆಂದರೆ ರೋಗಿಗೆ ಬಿಪಿ ಇಲ್ಲವೇ ಇಲ್ಲ. ಅಳೆದರೆ 100/60 ತೋರಿಸುತ್ತಿದೆ. ಇರುವುದೇ ಕಡಿಮೆ, ಅದನ್ನೂ ಇಳಿಸುವ ಮಾತ್ರೆ ಯಾಕೆ? ರಿಪೋರ್ಟ್ ತೆಗೆದು ನೋಡಿದರೆ ಅಲ್ಲಿ ‘ಪೋರ್ಟಲ್ ಹೈಪರ್‌ಟೆನ್ಷನ್’ ಅಂತ ಬೇರೆ ಬರೆದಿದೆ. ಗೊಂದಲ ಇನ್ನೂ ಜಾಸ್ತಿ.

ರೋಗಿಯ ಪಕ್ಕದಲ್ಲಿ ಕೂತು ಕೈ ಹಿಡಿದು ನೋಡಿ. ಅಂಗೈ ಬೆಚ್ಚಗಿರುತ್ತದೆ. ಹೆಬ್ಬೆರಳಿನ ಬುಡದ ಉಬ್ಬು, ಕಿರುಬೆರಳಿನ ಕೆಳಗಿನ ಅಂಚು ಕೆಂಪಾಗಿರುತ್ತದೆ. ನಾಡಿ ಬೆರಳಿಗೆ ಟಪಟಪ ಅಂತ ಹೊಡೆಯುತ್ತದೆ. ರಕ್ತ ಚೆನ್ನಾಗಿ ಹರಿಯುತ್ತಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ದೇಹದಲ್ಲಿ ಕಿಡ್ನಿ ರಕ್ತ ಸಾಲದೆ ಒದ್ದಾಡುತ್ತಿರಬಹುದು. ಹೊಟ್ಟೆಯಲ್ಲಿ ಲೀಟರುಗಟ್ಟಲೆ ನೀರು ತುಂಬಿದ್ದರೂ ಕಿಡ್ನಿ ಮಾತ್ರ ಇನ್ನಷ್ಟು ಉಪ್ಪು, ಇನ್ನಷ್ಟು ನೀರು ಹಿಡಿದಿಡುತ್ತಾ ಇರುತ್ತದೆ.

ಈ ಎಲ್ಲ ವಿಚಿತ್ರಗಳ ಹಿಂದೆ ಒಂದು ಸಣ್ಣ ಅಣುವಿನ ದೊಡ್ಡ ಪಾತ್ರ ಇದೆ. ಹೆಸರು ನೈಟ್ರಿಕ್ ಆಕ್ಸೈಡ್. ಸಿರೋಸಿಸ್ ಬಂದ ದೇಹದಲ್ಲಿ ಲಿವರ್ ಒಳಗೆ ಇದಕ್ಕೆ ಬರಗಾಲ, ಲಿವರ್ ಹೊರಗೆ ನೆರೆ. ಎರಡೂ ಒಟ್ಟಿಗೆ.

ಲಿವರ್‌ಗೆ ರಕ್ತ ಬರುವ ಎರಡು ದಾರಿ

ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಲಿವರ್ ಮೂಲಕ ಹಾದು ಹೋಗುತ್ತದೆ. ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ಇದು ಹತ್ತಿರ ಹತ್ತಿರ ಕಾಲು ಭಾಗ. ಇದರಲ್ಲಿ ಸ್ವಲ್ಪ ಮಾತ್ರ ಹೃದಯದಿಂದ ನೇರವಾಗಿ ಅಪಧಮನಿಯಲ್ಲಿ ಬರುತ್ತದೆ. ಉಳಿದ ಮುಕ್ಕಾಲು ಪಾಲು ಹೊಟ್ಟೆ, ಕರುಳು, ಗುಲ್ಮ ಎಲ್ಲ ಸುತ್ತಿ, ಜೀರ್ಣವಾದ ಆಹಾರದ ಸಾರ ಹೊತ್ತು ಪೋರ್ಟಲ್ ಸಿರೆ ಅನ್ನುವ ದೊಡ್ಡ ನಾಳದಲ್ಲಿ ಬರುತ್ತದೆ.

ಪೋರ್ಟಲ್ ಸಿರೆಯ ರಕ್ತ ಬಹಳ ಸಾವಕಾಶದ್ದು. ತೋಳಿನಲ್ಲಿ ಅಳೆಯುವ ಬಿಪಿ 120 ಇದ್ದರೆ ಇಲ್ಲಿನ ಒತ್ತಡ 5ರಿಂದ 10 ಮಿಲಿಮೀಟರ್ ಪಾದರಸ ಅಷ್ಟೇ. ಅಷ್ಟು ಕಡಿಮೆ ಒತ್ತಡದಲ್ಲೂ ರಕ್ತ ಸಲೀಸಾಗಿ ಹರಿಯುತ್ತದೆ, ಯಾಕೆಂದರೆ ಆರೋಗ್ಯವಂತ ಲಿವರ್ ಅದನ್ನು ತಡೆಯುವುದೇ ಇಲ್ಲ. ಒಳಗಿರುವ ಸೂಕ್ಷ್ಮ ನಾಳಗಳ ಗೋಡೆ ಜರಡಿಯ ಹಾಗೆ ತೂತು ತೂತು. ಇವಕ್ಕೆ ಸೈನುಸಾಯ್ಡ್ ಅಂತ ಹೆಸರು.

ಇಲ್ಲಿ ಒಂದು ಸರಳ ಲೆಕ್ಕ ನೆನಪಿಟ್ಟುಕೊಳ್ಳಿ. ಪೈಪಿನ ಒಳಗಿನ ಒತ್ತಡ ಎರಡರ ಮೇಲೆ ನಿಂತಿದೆ: ಎಷ್ಟು ನೀರು ಬರುತ್ತಿದೆ, ಮುಂದೆ ಎಷ್ಟು ಅಡ್ಡಿ ಇದೆ. ಅಡ್ಡಿ ಜಾಸ್ತಿಯಾದರೂ ಒತ್ತಡ ಏರುತ್ತದೆ, ನೀರು ಜಾಸ್ತಿ ಬಂದರೂ ಏರುತ್ತದೆ. ಸಿರೋಸಿಸ್‌ನಲ್ಲಿ ಎರಡೂ ಆಗುತ್ತವೆ. ಪೋರ್ಟಲ್ ಹೈಪರ್‌ಟೆನ್ಷನ್ ಅಂದರೆ ಈ ಪೋರ್ಟಲ್ ಸಿರೆಯ ಒತ್ತಡ ಏರುವುದು. ನಾವು ‘ಬಿಪಿ ಇದೆ’ ಅಂತ ಹೇಳುತ್ತೇವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕೆಲವೇ ಸೆಕೆಂಡು ಬದುಕುವ ಗ್ಯಾಸ್

ನೈಟ್ರಿಕ್ ಆಕ್ಸೈಡ್ ಅಂದರೆ ಒಂದು ನೈಟ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು. ಅಷ್ಟೇ. ನಗಿಸುವ ಅನಿಲ ಅಂತ ಕೇಳಿರುತ್ತೀರಿ, ಅದು ನೈಟ್ರಸ್ ಆಕ್ಸೈಡ್, ಬೇರೆಯದು. ವಾಹನದ ಹೊಗೆಯಲ್ಲೂ ಇರುವ ಈ ಗ್ಯಾಸನ್ನು ನಮ್ಮ ರಕ್ತನಾಳಗಳೇ ದಿನವಿಡೀ ತಯಾರಿಸುತ್ತವೆ ಅನ್ನುವುದು 1980ರ ದಶಕದ ತನಕ ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದೂ ಒಂದು ಎಡವಟ್ಟಿನಿಂದ. ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳನ್ನು ದ್ರಾವಣದಲ್ಲಿ ತೂಗುಹಾಕಿ, ಔಷಧಿ ಹಾಕಿದಾಗ ಅವು ಬಿಗಿಯುತ್ತವಾ ಸಡಿಲವಾಗುತ್ತವಾ ಅಂತ ನೋಡುತ್ತಿದ್ದರು. ಅಸಿಟೈಲ್‌ಕೋಲಿನ್ ಥರದ ಔಷಧಿಗೆ ತುಂಡು ಬಿಗಿಯುವುದು ಅವರಿಗೆ ವರ್ಷಗಳಿಂದ ಗೊತ್ತಿದ್ದ ಸಂಗತಿ. ಒಂದು ದಿನ ಪ್ರಯೋಗಾಲಯದ ಸಹಾಯಕರು ಹೇಳಿದ ಕ್ರಮ ತಪ್ಪಿಸಿದರು. ಆವತ್ತು ತುಂಡು ಬಿಗಿಯಲಿಲ್ಲ, ಸಡಿಲವಾಯಿತು! ಯಾಕೆ ಅಂತ ಬೆನ್ನುಹತ್ತಿದಾಗ ಗುಟ್ಟು ತಿಳಿಯಿತು. ತುಂಡು ಕತ್ತರಿಸುವಾಗ ನಾಳದ ಒಳಮೈ ಉಜ್ಜಿಹೋದರೆ ಸಡಿಲವಾಗುವ ಗುಣವೂ ಹೋಗುತ್ತದೆ. ಉಜ್ಜದಿದ್ದರೆ ಉಳಿಯುತ್ತದೆ. ಅಂದರೆ ಒಳಮೈಗೆ ಅಂಟಿದ, ಒಂದೇ ಕೋಶದಷ್ಟು ದಪ್ಪದ ಪದರ ಏನನ್ನೋ ಬಿಡುತ್ತಿದೆ, ಅದು ಹೊರಗಿನ ಸ್ನಾಯುವನ್ನು ಸಡಿಲಿಸುತ್ತಿದೆ. ಆ ಪದರಕ್ಕೆ ಎಂಡೋಥೀಲಿಯಂ ಅಂತ ಹೆಸರು. 1980ರಲ್ಲಿ ಈ ವಿಷಯ ಪ್ರಕಟವಾಯಿತು. ಆ ‘ಏನೋ’ ನೈಟ್ರಿಕ್ ಆಕ್ಸೈಡೇ ಅಂತ ಖಚಿತವಾದದ್ದು 1987ರಲ್ಲಿ. ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿದ್ ಮುರಾದ್ ಈ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ತಮಾಷೆ ಏನೆಂದರೆ, ಡೈನಮೈಟ್ ಮಾಡಿದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಎದೆನೋವಿಗೆ ಡಾಕ್ಟರ್ ಬರೆದುಕೊಟ್ಟಿದ್ದು ಅದೇ ಡೈನಮೈಟಿನ ನೈಟ್ರೊಗ್ಲಿಸರಿನ್. ಅದು ದೇಹದಲ್ಲಿ ಕೆಲಸ ಮಾಡುವುದು ಇದೇ ಗ್ಯಾಸನ್ನು ಬಿಟ್ಟು.

ಗ್ಯಾಸ್ ತಯಾರಾಗುವುದು ಆರ್ಜಿನಿನ್ ಅನ್ನುವ ಅಮೈನೊ ಆಮ್ಲದಿಂದ. ತಯಾರಿಸುವುದು ಎಂಡೋಥೀಲಿಯಂ ಕೋಶದೊಳಗಿನ ಒಂದು ಕಿಣ್ವ. ಹುಟ್ಟಿದ ಗ್ಯಾಸ್ ಪಕ್ಕದ ಸ್ನಾಯುಕೋಶಕ್ಕೆ ನುಸುಳಿ ‘ಸಡಿಲವಾಗು’ ಅಂತ ಸೂಚನೆ ಕೊಡುತ್ತದೆ. ನಾಳ ಅಗಲವಾಗುತ್ತದೆ. ಕೆಲವು ಸೆಕೆಂಡುಗಳಲ್ಲಿ ಗ್ಯಾಸ್ ಇಲ್ಲವಾಗುತ್ತದೆ. ಆಯಸ್ಸು ಇಷ್ಟು ಕಡಿಮೆ ಇರುವುದರಿಂದ ಅದು ಎಲ್ಲಿ ಹುಟ್ಟುತ್ತದೋ ಅಲ್ಲೇ ಕೆಲಸ ಮಾಡಬೇಕು. ಕರುಳಿನ ನಾಳದಲ್ಲಿ ಹುಟ್ಟಿದ್ದು ಲಿವರ್ ತನಕ ಹೋಗಿ ಸಹಾಯ ಮಾಡಲಾರದು. ಒಂದೇ ದೇಹದಲ್ಲಿ ಒಂದು ಕಡೆ ಕೊರತೆ, ಇನ್ನೊಂದು ಕಡೆ ಅತಿ ಹೇಗೆ ಸಾಧ್ಯ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಒಳಗಿನ ಬರ

ಸಿರೋಸಿಸ್ ಅಂದರೆ ಲಿವರ್ ತುಂಬಾ ಗಾಯದ ಕಲೆ. ಮದ್ಯ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಕೊಬ್ಬು ತುಂಬಿದ ಲಿವರ್, ಹೀಗೆ ಕಾರಣ ಯಾವುದೇ ಇರಲಿ, ವರ್ಷಗಟ್ಟಲೆ ಪೆಟ್ಟು ಬಿದ್ದು, ಮಾಗಿ, ಮತ್ತೆ ಪೆಟ್ಟು ಬಿದ್ದು ಮೆತ್ತಗಿದ್ದ ಅಂಗ ಗಂಟು ಗಂಟಾಗಿ ಗಟ್ಟಿಯಾಗುತ್ತದೆ. ರಕ್ತ ಹರಿಯಲು ಅಡ್ಡಿ. ಇಷ್ಟು ಎಲ್ಲರಿಗೂ ಸುಲಭವಾಗಿ ಅರ್ಥವಾಗುತ್ತದೆ.

ಆದರೆ ಅಡ್ಡಿ ಪೂರ್ತಿ ಕಲೆಯಿಂದಲೇ ಬಂದದ್ದಲ್ಲ. ಕಾಲು ಭಾಗ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು, ನಾಳಗಳು ಬಿಗಿದುಕೊಂಡಿರುವುದರಿಂದ ಬಂದದ್ದು. ಕಲೆ ಗೋಡೆ ಇದ್ದ ಹಾಗೆ, ಬಿಗಿತ ಮುಷ್ಟಿ ಇದ್ದ ಹಾಗೆ. ಮುಷ್ಟಿಯನ್ನು ಬಿಡಿಸಬಹುದು.

ಮುಷ್ಟಿ ಕಟ್ಟುವವರು ಯಾರು? ಸೈನುಸಾಯ್ಡ್‌ಗಳ ಹೊರಮೈಗೆ ಅಂಟಿಕೊಂಡು, ಉದ್ದ ಕೈಗಳನ್ನು ಚಾಚಿ ನಾಳವನ್ನು ತಬ್ಬಿಕೊಂಡ ಕೋಶಗಳಿವೆ. ಆಕಾರ ನೋಡಿ ಇವಕ್ಕೆ ನಕ್ಷತ್ರ ಕೋಶ ಅನ್ನುತ್ತಾರೆ. ಆರೋಗ್ಯವಂತ ಲಿವರ್‌ನಲ್ಲಿ ಇವು ಸುಮ್ನೆ ವಿಟಮಿನ್ ಎ ಕೂಡಿಟ್ಟುಕೊಂಡು ತೆಪ್ಪಗೆ ಕೂತಿರುತ್ತವೆ. ಪಕ್ಕದ ಎಂಡೋಥೀಲಿಯಂ ಬಿಡುವ ನೈಟ್ರಿಕ್ ಆಕ್ಸೈಡ್ ಇವನ್ನು ಶಾಂತವಾಗಿ ಇಟ್ಟಿರುತ್ತದೆ. ಲಿವರ್‌ಗೆ ಪೆಟ್ಟು ಬಿದ್ದಾಗ ಇವು ಎಚ್ಚೆತ್ತು ರೂಪ ಬದಲಿಸುತ್ತವೆ. ಕಲೆಯ ನಾರು ಹೆಣೆಯುವುದೂ ಇವೇ, ಸ್ನಾಯುವಿನ ಹಾಗೆ ಕುಗ್ಗಿ ನಾಳ ಹಿಸುಕುವುದೂ ಇವೇ.

ಆ ಹೊತ್ತಿಗೆ ಗ್ಯಾಸಿನ ಸರಬರಾಜೂ ನಿಂತಿರುತ್ತದೆ. ಇದು ನನಗೆ ಬಹಳ ಕುತೂಹಲದ ಭಾಗ. ಸಿರೋಸಿಸ್ ಲಿವರ್‌ನಲ್ಲಿ ಗ್ಯಾಸ್ ತಯಾರಿಸುವ ಕಿಣ್ವ ಕಾಣೆಯಾಗಿರುವುದಿಲ್ಲ. ಪ್ರಮಾಣ ನೋಡಿದರೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆದರೆ ಕೆಲಸ ಮಾಡುವುದಿಲ್ಲ. ಕೆವಿಯೊಲಿನ್ ಅನ್ನುವ ಪ್ರೋಟೀನ್ ಅದನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತದೆ. ಕಿಣ್ವಕ್ಕೆ ಬೇಕಾದ ಸಹಾಯಕ ಅಣುಗಳೂ ಕಡಿಮೆಯಾಗಿರುತ್ತವೆ. ಹೇಗೋ ಹುಟ್ಟಿದ ಸ್ವಲ್ಪ ಗ್ಯಾಸನ್ನೂ ಉರಿಯೂತದಲ್ಲಿ ಹುಟ್ಟುವ ಸೂಪರ್ ಆಕ್ಸೈಡ್ ಕಣಗಳು ನುಂಗಿಬಿಡುತ್ತವೆ. ಇದರ ಜೊತೆಗೆ ಎಂಡೋಥೀಲಿನ್, ಥ್ರಾಂಬಾಕ್ಸೇನ್ ಥರದ, ನಾಳ ಬಿಗಿಯುವ ವಸ್ತುಗಳು ಜಾಸ್ತಿಯಾಗಿರುತ್ತವೆ. ಸಡಿಲಿಸುವವನು ಇಲ್ಲ, ಬಿಗಿಯುವವರು ಹತ್ತು ಜನ.

ಹೊರಗಿನ ನೆರೆ

ಲಿವರ್ ದಾರಿ ಕೊಡದಿದ್ದಾಗ ಪೋರ್ಟಲ್ ಸಿರೆಯ ಒತ್ತಡ ಏರುತ್ತದೆ. ಆಗ ದೇಹ ಕರುಳಿಗೆ ಬರುವ ರಕ್ತವನ್ನು ಕಡಿಮೆ ಮಾಡುತ್ತದೆ ಅಂತ ನಾವು ಅಂದುಕೊಳ್ಳಬಹುದು. ಆಗುವುದು ಉಲ್ಟಾ.

ಮೊದಲು ಸುಳಿವು ಸಿಗುವುದು ಕರುಳಿನ ಸಣ್ಣ ನಾಳಗಳಿಗೆ. ಒತ್ತಡ ಸ್ವಲ್ಪ ಏರಿದರೂ ಸಾಕು, ಅಲ್ಲಿನ ಎಂಡೋಥೀಲಿಯಂ ಹೊಸ ನಾಳ ಬೆಳೆಸುವ ಸಂಕೇತಗಳನ್ನೂ ನೈಟ್ರಿಕ್ ಆಕ್ಸೈಡನ್ನೂ ಹೆಚ್ಚು ಬಿಡತೊಡಗುತ್ತದೆ. ಕರುಳಿನ ಅಪಧಮನಿಗಳು ಹಿಗ್ಗುತ್ತವೆ. ಹಿಗ್ಗಿದ ನಾಳದಲ್ಲಿ ಹೆಚ್ಚು ರಕ್ತ ನುಗ್ಗುತ್ತದೆ. ನುಗ್ಗುವ ರಕ್ತ ಗೋಡೆಯನ್ನು ಉಜ್ಜುವುದರಿಂದ ಇನ್ನಷ್ಟು ಗ್ಯಾಸ್ ಹುಟ್ಟುತ್ತದೆ. ರೋಗ ಮುಂದುವರಿದಾಗ ಕರುಳಿನ ಗೋಡೆ ಸೋರತೊಡಗಿ ಬ್ಯಾಕ್ಟೀರಿಯಾ ಮತ್ತು ಅವುಗಳ ಚೂರುಗಳು ಒಳಗೆ ನುಸುಳುತ್ತವೆ. ಅದಕ್ಕೆ ಉತ್ತರವಾಗಿ ಏಳುವ ಉರಿಯೂತ ಮತ್ತಷ್ಟು ಗ್ಯಾಸ್ ಬಿಡಿಸುತ್ತದೆ.

ಹಿಗ್ಗಿದ ಅಪಧಮನಿಗಳ ರಕ್ತ ಎಲ್ಲಿಗೆ ಹೋಗಬೇಕು? ಪೋರ್ಟಲ್ ಸಿರೆಗೇ. ಮೊದಲೇ ಮುಂದೆ ದಾರಿ ಇಲ್ಲ, ಹಿಂದಿನಿಂದ ಇನ್ನಷ್ಟು ನೀರು ಬಿಟ್ಟಂತಾಯಿತು. ಲೆಕ್ಕದ ಎರಡೂ ಬದಿ ಏರಿದವು.

ದಾರಿ ಸಿಗದ ರಕ್ತ ಅಡ್ಡದಾರಿ ಹಿಡಿಯುತ್ತದೆ. ಅನ್ನನಾಳದ ಕೆಳತುದಿಯಲ್ಲಿ, ಜಠರದಲ್ಲಿ ತೆಳು ಗೋಡೆಯ ಸಿರೆಗಳು ಉಬ್ಬುತ್ತವೆ. ಎಂಡೋಸ್ಕೋಪಿ ಮಾಡಿದಾಗ ‘ವೆರಿಸಸ್’ ಅಂತ ಬರೆಯುವುದು ಇವನ್ನೇ. ಇವು ಒಡೆದರೆ ರಕ್ತವಾಂತಿ. ಗುಲ್ಮ ಊದುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ.

ಲಿವರ್ ಒಳಗಿನ ಒತ್ತಡವನ್ನು ಅಳೆಯುವ ಒಂದು ವಿಧಾನ ಇದೆ. ಕತ್ತಿನ ಸಿರೆಯಿಂದ ತೆಳು ಕೊಳವೆ ಇಳಿಸಿ, ಲಿವರ್‌ನಿಂದ ರಕ್ತ ಹೊರಬರುವ ಸಿರೆಯವರೆಗೆ ತಲುಪಿಸುತ್ತಾರೆ. ಅಲ್ಲಿ ಚಿಕ್ಕ ಬಲೂನು ಉಬ್ಬಿಸಿ, ದಾರಿ ಮುಚ್ಚಿದಾಗ ಒಂದು ಸಲ, ಬಿಟ್ಟಾಗ ಒಂದು ಸಲ ಒತ್ತಡ ನೋಡುತ್ತಾರೆ. ಎರಡರ ನಡುವಿನ ವ್ಯತ್ಯಾಸ 1ರಿಂದ 5 ಮಿಲಿಮೀಟರ್ ಪಾದರಸ ಇದ್ದರೆ ಸರಿ. 10 ದಾಟಿದರೆ ಉಬ್ಬು ಸಿರೆ, ಹೊಟ್ಟೆನೀರು ಕಾಣಿಸಿಕೊಳ್ಳುವ ಅಪಾಯ. 12 ದಾಟಿದರೆ ಸಿರೆ ಒಡೆದು ರಕ್ತ ಬರಬಹುದು. ಎಲ್ಲರಿಗೂ ಈ ಪರೀಕ್ಷೆ ಮಾಡುವುದಿಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಹೊರಗಿನಿಂದಲೇ ಅಳೆಯುವ ಸ್ಕ್ಯಾನ್ ಮತ್ತು ಪ್ಲೇಟ್‌ಲೆಟ್ ಸಂಖ್ಯೆ ಸೇರಿಸಿ ಅಂದಾಜು ಮಾಡುವುದೇ ಹೆಚ್ಚು.

ಟ್ಯಾಂಕ್ ತುಂಬಿದೆ, ಮಹಡಿಗೆ ನೀರಿಲ್ಲ

ಒಂದು ಮನೆ ಅಂದುಕೊಳ್ಳಿ. ಟ್ಯಾಂಕ್ ತುಂಬಿದೆ. ಕೆಳಗಿನ ಅಂತಸ್ತಿನಲ್ಲಿ ಯಾರೋ ಎಲ್ಲ ನಲ್ಲಿಗಳನ್ನೂ ಪೂರ್ತಿ ತಿರುಗಿಸಿ ಬಿಟ್ಟಿದ್ದಾರೆ. ಮಹಡಿಯ ನಲ್ಲಿಯಲ್ಲಿ ಹನಿ ಹನಿ. ಮಹಡಿಯವರು ‘ಟ್ಯಾಂಕ್ ಖಾಲಿ’ ಅಂತ ಮೋಟಾರ್ ಹಾಕುತ್ತಾರೆ. ನೀರು ಇನ್ನಷ್ಟು ಏರುತ್ತದೆ, ಅದೂ ಕೆಳಗಿನ ನಲ್ಲಿಗಳಲ್ಲೇ ಹರಿದು ಹೋಗುತ್ತದೆ.

ಕೆಳಗಿನ ನಲ್ಲಿಗಳು ಕರುಳಿನ ಹಿಗ್ಗಿದ ನಾಳಗಳು. ಮಹಡಿಯವರು ಕಿಡ್ನಿ. ಮುಖ್ಯ ಅಪಧಮನಿಗಳಲ್ಲಿ ಒತ್ತಡ ಇಳಿದದ್ದನ್ನು ನೋಡಿ ದೇಹ ರಕ್ತವೇ ಕಡಿಮೆಯಾಗಿದೆ ಅಂದುಕೊಳ್ಳುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಉಪ್ಪು ಹಿಡಿದಿಡುವ ಹಾರ್ಮೋನು, ನೀರು ಹಿಡಿದಿಡುವ ಹಾರ್ಮೋನು, ನಾಳ ಬಿಗಿಯುವ ನರಗಳು, ಎಲ್ಲ ಒಟ್ಟಿಗೆ ಚುರುಕಾಗುತ್ತವೆ. ಹಿಡಿದಿಟ್ಟ ಉಪ್ಪುನೀರು ಒತ್ತಡ ಜಾಸ್ತಿ ಇರುವ ಲಿವರ್ ಮತ್ತು ಕರುಳಿನ ಕಡೆಯಿಂದ ಜಿನುಗಿ ಹೊಟ್ಟೆಯಲ್ಲಿ ನಿಲ್ಲುತ್ತದೆ. ಇದೇ ಜಲೋದರ. ಸಿರೋಸಿಸ್‌ನಲ್ಲಿ ಹೃದಯ ಮಾಮೂಲಿಗಿಂತ ಹೆಚ್ಚು ರಕ್ತ ತಳ್ಳುತ್ತದೆ ಅನ್ನುವುದನ್ನು ವೈದ್ಯರು 1953ರಲ್ಲೇ ಅಳೆದು ತೋರಿಸಿದ್ದರು. ನಾಳ ಹಿಗ್ಗುವುದೇ ಮೊದಲ ಹೆಜ್ಜೆ ಅನ್ನುವ ವಿವರಣೆ 1988ರಲ್ಲಿ ಬಂತು. ಅದರ ಹಿಂದೆ ನೈಟ್ರಿಕ್ ಆಕ್ಸೈಡ್ ಇರಬಹುದು ಅಂತ ವಿಜ್ಞಾನಿಗಳಾದ ಪ್ಯಾಟ್ರಿಕ್ ವ್ಯಾಲನ್ಸ್ ಮತ್ತು ಸಾಲ್ವಡೋರ್ ಮೊಂಕಾಡಾ 1991ರಲ್ಲಿ ಬರೆದರು.

ಬೆಚ್ಚಗಿನ ಕೆಂಪು ಅಂಗೈ, ಟಪಟಪ ನಾಡಿ, ಇಳಿದ ಬಿಪಿ ಎಲ್ಲ ಈ ಹಿಗ್ಗಿದ, ಅವಸರದ ರಕ್ತಸಂಚಾರದ ಗುರುತುಗಳೇ. ಕೆಂಪು ಅಂಗೈಗೆ ಹಾರ್ಮೋನು ಏರುಪೇರಿನ ಪಾಲೂ ಸೇರಿದೆ.

ಕೊನೆಯ ಹಂತದಲ್ಲಿ ಕಿಡ್ನಿಯ ನಾಳಗಳು ಎಷ್ಟು ಬಿಗಿಯುತ್ತವೆ ಅಂದರೆ ಮೂತ್ರವೇ ನಿಲ್ಲುತ್ತಾ ಬರುತ್ತದೆ. ಹೆಪಟೊರೀನಲ್ ಸಿಂಡ್ರೋಮ್ ಅಂದರೆ ಇದು. ಇಲ್ಲಿ ಕಿಡ್ನಿ ತಾನಾಗಿ ಕೆಟ್ಟಿರುವುದಿಲ್ಲ. ಈ ತೊಂದರೆಯಿಂದ ತೀರಿಕೊಂಡವರ ಕಿಡ್ನಿಗಳನ್ನು ಬೇರೆಯವರಿಗೆ ಕಸಿ ಮಾಡಿದಾಗ ಅವು ಚೆನ್ನಾಗಿ ಕೆಲಸ ಮಾಡಿದ್ದು 1969ರಲ್ಲಿ ವರದಿಯಾಗಿದೆ. ಮನೆ ಬದಲಾದ ಕೂಡಲೇ ನಲ್ಲಿಯಲ್ಲಿ ನೀರು ಬಂತು.

ಶ್ವಾಸಕೋಶದ್ದು ಇನ್ನೊಂದು ಕಥೆ. ಅಲ್ಲಿ ಗ್ಯಾಸ್ ಜಾಸ್ತಿಯಾದರೆ ಸೂಕ್ಷ್ಮ ನಾಳಗಳು ಅತಿಯಾಗಿ ಹಿಗ್ಗಿ, ರಕ್ತ ಆಕ್ಸಿಜನ್ ತುಂಬಿಕೊಳ್ಳುವ ಮೊದಲೇ ದಾಟಿಬಿಡುತ್ತದೆ. ಇಂಥವರಲ್ಲಿ ಕೆಲವರಿಗೆ ಮಲಗಿದರೆ ಆರಾಮ, ಎದ್ದು ಕೂತರೆ ಉಸಿರು ಕಟ್ಟುತ್ತದೆ. ಉಸಿರು ಬಿಟ್ಟ ಗಾಳಿಯಲ್ಲೂ ನೈಟ್ರಿಕ್ ಆಕ್ಸೈಡ್ ಹೆಚ್ಚಿರುತ್ತದೆ.

ಒಂದು ಮಾತು ಹೇಳಲೇಬೇಕು. ಇದೆಲ್ಲ ಈ ಒಂದು ಗ್ಯಾಸಿನದೇ ಕೆಲಸ ಅಲ್ಲ. ಎಂಡೋಥೀಲಿಯಂನ ಕಿಣ್ವವೇ ಇಲ್ಲದ ಹಾಗೆ ಬೆಳೆಸಿದ ಇಲಿಗಳಲ್ಲೂ ಪೋರ್ಟಲ್ ಒತ್ತಡ ಏರಿಸಿದರೆ ನಾಳಗಳು ಹಿಗ್ಗಿದವು. ಪ್ರಾಸ್ಟಸೈಕ್ಲಿನ್, ಕಾರ್ಬನ್ ಮೊನಾಕ್ಸೈಡ್ ಥರದ ಬೇರೆ ಅಣುಗಳೂ ಕೈ ಜೋಡಿಸುತ್ತವೆ.

ಹಾಗಾದರೆ ಗ್ಯಾಸ್ ಕೊಟ್ಟರೆ ಆಗಲ್ವಾ?

ಲಿವರ್‌ನಲ್ಲಿ ಕೊರತೆ ಇದ್ದರೆ ಗ್ಯಾಸ್ ಬಿಡುವ ಔಷಧಿ ಕೊಟ್ಟರಾಯಿತಲ್ಲ ಅಂತ ಅನ್ನಿಸುವುದು ಸಹಜ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಗಳನ್ನು ಕೊಟ್ಟು ನೋಡಿದ್ದಾರೆ. ಆದರೆ ಅವು ಇಡೀ ದೇಹದ ನಾಳಗಳನ್ನು ಸಡಿಲಿಸುತ್ತವೆ. ನೆರೆ ಬಂದ ಕಡೆಗೇ ಇನ್ನಷ್ಟು ನೀರು. ಬಿಪಿ ಇನ್ನೂ ಇಳಿಯುತ್ತದೆ. ಹಾಗಾಗಿ ಇವನ್ನು ಒಂಟಿಯಾಗಿ ಕೊಡುವುದಿಲ್ಲ. ಲಿವರ್‌ನಲ್ಲಿ ಮಾತ್ರ ಗ್ಯಾಸ್ ಬಿಡಲಿ ಅಂತ ಎನ್‌ಸಿಎಕ್ಸ್-1000 ಅನ್ನುವ ಔಷಧಿಯನ್ನೇ ತಯಾರಿಸಿದರು. ಇಲಿಗಳಲ್ಲಿ ಭರವಸೆ ಹುಟ್ಟಿಸಿತು. ರೋಗಿಗಳಲ್ಲಿ ಪೋರ್ಟಲ್ ಒತ್ತಡ ಇಳಿಯಲಿಲ್ಲ, ತೋಳಿನ ಬಿಪಿ ಇಳಿಯಿತು!

ಗ್ಯಾಸನ್ನು ಪೂರ್ತಿ ತಡೆಯುವ ಔಷಧಿಯದ್ದೂ ಇದೇ ಹಣೆಬರಹ. ಹೊರಗಿನ ನೆರೆ ತಗ್ಗಬಹುದು, ಒಳಗಿನ ಬರ ಇನ್ನೂ ಕೆಡುತ್ತದೆ.

ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳದ್ದು ಸ್ವಲ್ಪ ಬೇರೆ. ಅವು ಲಿವರ್‌ನ ಕಿಣ್ವವನ್ನು ಚುರುಕು ಮಾಡುತ್ತವೆ. 2009ರ ಒಂದು ಪ್ರಯೋಗದಲ್ಲಿ ಸಿಮ್ವಾಸ್ಟ್ಯಾಟಿನ್ ತೋಳಿನ ಬಿಪಿ ಕೆಡಿಸದೆ ಪೋರ್ಟಲ್ ಒತ್ತಡವನ್ನು ಸ್ವಲ್ಪ ಇಳಿಸಿತು. ಆದರೆ ರೋಗ ತುಂಬಾ ಮುಂದುವರಿದವರಲ್ಲಿ ಇದರಿಂದ ಸ್ನಾಯುಗಳಿಗೆ ಹಾನಿಯಾಗುವ ಅಪಾಯ ಇದೆ. ತಾವಾಗಿ ನುಂಗುವ ಮಾತ್ರೆ ಅಲ್ಲ. ಜಿಮ್‌ಗೆ ಹೋಗುವವರಿಗೆ ಮಾರುವ ‘ನೈಟ್ರಿಕ್ ಆಕ್ಸೈಡ್ ಬೂಸ್ಟರ್’ ಪುಡಿಗಳೂ ಅಷ್ಟೇ. ಗ್ಯಾಸ್ ಎಲ್ಲಿ ಏರಬೇಕು ಅಂತ ಪುಡಿಗೆ ಹೇಗೆ ಗೊತ್ತಾಗುತ್ತದೆ?

ಈಗ ಡಾಕ್ಟರುಗಳು ಹೆಚ್ಚಾಗಿ ಮಾಡುವುದು ಹೊರಗಿನ ನಲ್ಲಿಗಳನ್ನು ಬಿಗಿ ಮಾಡುವ ಕೆಲಸ. ಹೆಪಟೊರೀನಲ್ ಸಿಂಡ್ರೋಮ್‌ಗೆ ಕೊಡುವ ಟರ್ಲಿಪ್ರೆಸಿನ್ ಕರುಳಿನ ನಾಳಗಳನ್ನು ಬಿಗಿಯುತ್ತದೆ, ಆಗ ಕಿಡ್ನಿ ಕಡೆಗೆ ರಕ್ತ ತಿರುಗುತ್ತದೆ. ಜೊತೆಗೆ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಕೊಟ್ಟು ನಾಳದೊಳಗಿನ ದ್ರವವನ್ನು ಹಿಡಿದಿಡುತ್ತಾರೆ. ಹೊಟ್ಟೆಯಿಂದ 5 ಲೀಟರಿಗಿಂತ ಹೆಚ್ಚು ನೀರು ತೆಗೆದಾಗ ಲೀಟರಿಗೆ ಸುಮಾರು 8 ಗ್ರಾಂ ಆಲ್ಬುಮಿನ್ ಹಾಕುವುದೂ ಇದಕ್ಕೇ. ನೀರು ತೆಗೆದ ಬೆನ್ನಿಗೆ ನಾಳಗಳು ಮತ್ತೂ ಹಿಗ್ಗಿ ಕಿಡ್ನಿಗೆ ಪೆಟ್ಟು ಬೀಳುವ ಸಂಭವ ಇರುತ್ತದೆ.

ಮೂಲ ಕಾರಣ ತೆಗೆದರೆ ಇವೆಲ್ಲಕ್ಕಿಂತ ಹೆಚ್ಚು ಫಲ. ಮದ್ಯ ಪೂರ್ತಿ ನಿಲ್ಲಿಸಿದವರಲ್ಲಿ, ವೈರಸ್‌ಗೆ ಔಷಧಿ ತೆಗೆದುಕೊಂಡವರಲ್ಲಿ ಪೋರ್ಟಲ್ ಒತ್ತಡ ಇಳಿಯುವುದು ಕಂಡಿದೆ.

ಮತ್ತೆ ಆ ಮಾತ್ರೆ

ಪ್ರೊಪ್ರನಲಾಲ್ ಎರಡು ಕೆಲಸ ಮಾಡುತ್ತದೆ. ಹೃದಯದ ಬಡಿತ ತಗ್ಗಿಸುತ್ತದೆ, ಕರುಳಿನ ಅಪಧಮನಿಗಳನ್ನು ಸ್ವಲ್ಪ ಬಿಗಿಯುತ್ತದೆ. ಎರಡರಿಂದಲೂ ಪೋರ್ಟಲ್ ಸಿರೆಗೆ ಬರುವ ರಕ್ತ ಕಡಿಮೆ. ಕಾರ್ವೆಡಿಲಾಲ್ ಇದರ ಜೊತೆಗೆ ಲಿವರ್ ಒಳಗಿನ ಬಿಗಿತವನ್ನೂ ಸ್ವಲ್ಪ ಸಡಿಲಿಸುತ್ತದೆ. ಅಂದರೆ ಚೀಟಿಯಲ್ಲಿರುವುದು ತೋಳಿನ ಬಿಪಿಗೆ ಅಂತ ಕೊಟ್ಟ ಮಾತ್ರೆ ಅಲ್ಲ, ಪೋರ್ಟಲ್ ಸಿರೆಯ ಬಿಪಿಗೆ ಕೊಟ್ಟದ್ದು. ಉಬ್ಬು ಸಿರೆ ಒಡೆಯದಿರಲಿ ಅಂತ 1980ರ ದಶಕದಿಂದ ಇದನ್ನು ಬಳಸುತ್ತಿದ್ದಾರೆ. ಹೊಟ್ಟೆಯಲ್ಲಿ ನೀರು ತುಂಬುವುದನ್ನೂ ಇದು ತಡೆಯಬಲ್ಲದು ಅಂತ 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಆದರೆ ತೋಳಿನ ಬಿಪಿಯೂ ಸ್ವಲ್ಪ ಇಳಿಯುತ್ತದೆ, ಮನೆಯವರ ಆತಂಕ ಸುಳ್ಳಲ್ಲ. ಅದಕ್ಕೇ ಕಡಿಮೆ ಡೋಸಿನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಮೇಲಿನ ಸಂಖ್ಯೆ 90ಕ್ಕಿಂತ ಕೆಳಗೆ ಬಂದರೆ ಅಥವಾ ಕಿಡ್ನಿ ಸೊರಗಿದರೆ ಡಾಕ್ಟರ್ ಡೋಸ್ ತಗ್ಗಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಅಳೆದು ಬರೆದಿಟ್ಟುಕೊಂಡು ಹೋಗುವುದು ಉಪಯೋಗಕ್ಕೆ ಬರುತ್ತದೆ. ಹೆದರಿ ತಾವೇ ದಿಢೀರ್ ಅಂತ ನಿಲ್ಲಿಸಬಾರದು. ಬಿಟ್ಟ ಕೂಡಲೇ ಪೋರ್ಟಲ್ ಒತ್ತಡ ಮೊದಲಿನ ಮಟ್ಟಕ್ಕೆ ಏರಬಹುದು.

ಇದೇ ಹೊತ್ತಿಗೆ ಮೈಕೈ ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವುದು ಬೇಡ. ಬಿಗಿದುಕೊಂಡ ಕಿಡ್ನಿಯ ನಾಳಗಳನ್ನು ಅಷ್ಟೋ ಇಷ್ಟೋ ತೆರೆದಿಟ್ಟಿರುವುದು ಪ್ರಾಸ್ಟಗ್ಲ್ಯಾಂಡಿನ್ ಅನ್ನುವ ವಸ್ತು. ಈ ನೋವಿನ ಮಾತ್ರೆಗಳು ಅದನ್ನೇ ನಿಲ್ಲಿಸುತ್ತವೆ. ಮಹಡಿಯ ನಲ್ಲಿಯಲ್ಲಿ ಬರುತ್ತಿದ್ದ ಹನಿಯೂ ನಿಂತುಹೋಗುತ್ತದೆ.